ಹೆಸರು ಅಳಿಸೋದಕ್ಕೆ ಎಂಬತ್ತು ರೂಪಾಯಿ

ಪ್ರತಿ ವಾರ ಸ್ಟುಡಿಯೋದಲ್ಲಿ ಕೂತು ನಿಮ್ಮ ಜೊತೆ ಮಾತಾಡೋನು ಈ ವಾರ ಚಾಂಪಿಯನ್ ರೀಫ್ಸ್‌ಗೆ ಬಂದಿದ್ದೇನೆ. ಸಿನಿಮಾದ ಕೆಜಿಎಫ್ ಅಲ್ಲ, ನಿಜವಾದ ಕೆಜಿಎಫ್. ನನ್ನ ಅಜ್ಜ ಇಳಿದು ಹತ್ತಿದ ಗಣಿ ಇಲ್ಲೇ ಇದೆ. ನೆಲದಿಂದ 3 ಕಿಲೋಮೀಟರ್‌ಗಿಂತ ಆಳ. ಜಗತ್ತಿನ ಅತ್ಯಂತ ಆಳದ ಗಣಿಗಳ ಲೆಕ್ಕ ಹಾಕಿದಾಗ ಚಾಂಪಿಯನ್ ರೀಫ್ಸ್ ಹೆಸರು ಬಂದೇ ಬರ್ತಿತ್ತು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಬಂದದ್ದು ಇಲ್ಲಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೇಲೆ, 1905ರಲ್ಲಿ. ಈ ಮಾತನ್ನು ನಮ್ಮೂರಿನವರು ಅವಕಾಶ ಸಿಕ್ಕಾಗಲೆಲ್ಲ ಹೇಳ್ತಾರೆ, ನಾನೂ ಹೇಳಿಬಿಟ್ಟೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಊರು ಮುಚ್ಚಲಿಲ್ಲ. ನಸುಕಿನಲ್ಲಿ ಮಾರಿಕುಪ್ಪಂನಿಂದ ಹೊರಡೋ ರೈಲು ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆ ಸೇರೋ ಹೊತ್ತಿಗೆ ಕಾಲಿಡೋಕೆ ಜಾಗ ಇರಲ್ಲ. ಗಣಿಗೆ ಇಳಿಯುತ್ತಿದ್ದ ಮನೆಗಳ ಮಕ್ಕಳು, ಮೊಮ್ಮಕ್ಕಳು ಈಗ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ವಾಪಸ್ ಬರ್ತಾರೆ. ಅಂದರೆ ಹಗಲು ಹೊತ್ತಿನಲ್ಲಿ ಯಾರಾದರೂ ಬಂದು ಬಾಗಿಲು ತಟ್ಟಿದರೆ ಎಷ್ಟೋ ಮನೆಗಳಲ್ಲಿ ತೆರೆಯೋರು ಇಲ್ಲ. ಈ ಸಂಗತಿಯನ್ನು ನೆನಪಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಇವತ್ತಿನ ವಿಷಯ ಸೈಬರ್ ಸುರಕ್ಷತೆ ಮತ್ತು ಮತದಾನ. ಈ ಎರಡು ಪದ ಒಟ್ಟಿಗೆ ಕೇಳಿದ ತಕ್ಷಣ ನಿಮ್ಮ ತಲೆಗೆ ಬರೋದು ಇವಿಎಂ, ಅಲ್ವಾ? ತಪ್ಪು ನಿಮ್ಮದಲ್ಲ. ನಮ್ಮದು. ಚುನಾವಣೆ ಬಂದಾಗಲೆಲ್ಲ ಆರು ಕಿಟಕಿಯಲ್ಲಿ ಆರು ಜನರನ್ನು ಕೂರಿಸಿ "ಇವಿಎಂ ಹ್ಯಾಕ್ ಆಗುತ್ತಾ, ಆಗಲ್ವಾ" ಅಂತ ಕೂಗಾಡಿಸಿದ್ದೇವೆ. ನಾನೇ ನಡೆಸಿದ್ದೇನೆ, ಒಂದಲ್ಲ, ಹತ್ತಾರು ಸಲ. ಎಂಜಿನಿಯರಿಂಗ್ ಓದಿದವನಾಗಿ ನನಗೆ ಆಗಲೇ ಗೊತ್ತಿತ್ತು: ಇಂಟರ್ನೆಟ್‌ಗೇ ಜೋಡಿಸದ ಒಂದೊಂದು ಯಂತ್ರವನ್ನೂ ಬೇರೆ ಬೇರೆ ಕಡೆ ಹೋಗಿ ಕೆಡಿಸೋದು ತುಂಬಾ ಕಷ್ಟದ ಕೆಲಸ. ಯಂತ್ರದ ಬಗ್ಗೆ ಕೇಳಲೇಬೇಕಾದ ಪ್ರಶ್ನೆಗಳು ಇವೆ, ಕೇಳಬೇಕು. ಆದರೆ ಒಬ್ಬ ಕಳ್ಳನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಪೊಲೀಸ್ ಕಾವಲು, ಸೀಲು, ಏಜೆಂಟರ ಸಹಿ, ವಿವಿಪ್ಯಾಟ್ ಇರೋ ಯಂತ್ರದ ಹತ್ತಿರ ಹೋಗ್ತೀರಾ? ಅಥವಾ ಯಾರೂ ನೋಡದ, ಚುನಾವಣೆಗೆ ತಿಂಗಳುಗಳ ಮೊದಲೇ ತಯಾರಾಗೋ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದಾದ ಮತದಾರರ ಪಟ್ಟಿಯ ಹತ್ತಿರ ಹೋಗ್ತೀರಾ?

ಈ ಪ್ರಶ್ನೆಗೆ ಉತ್ತರ ನಮ್ಮ ರಾಜ್ಯದಲ್ಲೇ ಸಿಕ್ಕಿದೆ. ಕಲಬುರಗಿ ಜಿಲ್ಲೆ, ಆಳಂದ ವಿಧಾನಸಭಾ ಕ್ಷೇತ್ರ.

2023ರ ಮೇ ತಿಂಗಳ ಚುನಾವಣೆಗೆ ಕೆಲವೇ ತಿಂಗಳು ಮೊದಲು ಅಲ್ಲಿ ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದವು. ಎಲ್ಲವೂ ನಮೂನೆ 7. ನಮೂನೆ 6 ಅಂದರೆ ಹೆಸರು ಸೇರಿಸಿ ಅಂತ ಹಾಕೋದು, ನಮೂನೆ 8 ತಿದ್ದುಪಡಿಗೆ. ನಮೂನೆ 7 ಅಂದರೆ ಈ ಹೆಸರು ತೆಗೆಯಿರಿ, ಈ ವ್ಯಕ್ತಿ ತೀರಿಕೊಂಡಿದ್ದಾರೆ ಅಥವಾ ಊರು ಬಿಟ್ಟಿದ್ದಾರೆ ಅಂತ ಹೇಳೋದು. ಅದನ್ನು ಅದೇ ಕ್ಷೇತ್ರದ ಬೇರೆ ಮತದಾರರೂ ಹಾಕಬಹುದು. ಆಳಂದದಲ್ಲಿ ಒಬ್ಬ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಪರಿಶೀಲನೆಗೆ ಅಂತ ಬಂದ ಅರ್ಜಿ ನೋಡ್ತಾರೆ. ಅದರಲ್ಲಿ ತಮ್ಮದೇ ಬಂಧುವಿನ ಹೆಸರು ತೆಗೆಯೋಕೆ ಹೇಳಿದೆ. ಬಂಧು ಊರಲ್ಲೇ ಇದ್ದಾರೆ. ಅರ್ಜಿ ಯಾರ ಹೆಸರಲ್ಲಿ ಬಂದಿದೆ? ಅದೇ ಊರಿನ ಪರಿಚಯದವರ ಹೆಸರಲ್ಲಿ. ಹೋಗಿ ಕೇಳಿದರೆ ಅವರು, ನಾನು ಯಾವ ಅರ್ಜಿಯನ್ನೂ ಹಾಕಿಲ್ಲ ಅಂದರು. ತೆಗೆಯಬೇಕು ಅಂತ ಹೇಳಿದವರಿಗೂ ಗೊತ್ತಿಲ್ಲ, ತೆಗೆಸಿಕೊಳ್ಳೋರಿಗೂ ಗೊತ್ತಿಲ್ಲ.

ಅಲ್ಲಿಂದ ಎಳೆ ಬಿಚ್ಚಿತು. ಬಿ.ಆರ್. ಪಾಟೀಲರು ದೂರು ಕೊಟ್ಟರು, ಅಧಿಕಾರಿಗಳು ಮನೆ ಮನೆಗೆ ಹೋಗಿ ನೋಡಿದರು. 6,018ರಲ್ಲಿ ಸರಿಯಾಗಿದ್ದದ್ದು 24. ಉಳಿದ 5,994 ಸುಳ್ಳು. ಫೆಬ್ರವರಿ 21ರಂದು ಎಫ್‌ಐಆರ್ ಆಯಿತು. ಈ 5,994 ಎಷ್ಟು ದೊಡ್ಡ ಸಂಖ್ಯೆ ಅಂತ ತಿಳಿಯಬೇಕಾದರೆ ಅದೇ ಕ್ಷೇತ್ರದ 2018ರ ಫಲಿತಾಂಶ ನೋಡಿ. ಅವತ್ತು ಗೆಲುವಿನ ಅಂತರ 697 ಮತ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೇನೆ, ಯಾಕಂದರೆ ವಾಟ್ಸಾಪ್‌ನಲ್ಲಿ ಇದು ಬೇರೆಯದೇ ರೂಪದಲ್ಲಿ ಓಡಾಡ್ತಿದೆ. ಆ 5,994 ಹೆಸರುಗಳು ಪಟ್ಟಿಯಿಂದ ಹೋಗಲಿಲ್ಲ. ಪರಿಶೀಲನೆಯಲ್ಲಿ ಅರ್ಜಿಗಳು ತಿರಸ್ಕಾರವಾದವು. ಅಳಿಸೋ ಪ್ರಯತ್ನ ನಡೀತು, ಅದು ಸಿಕ್ಕಿಬಿತ್ತು. ವಿರೋಧ ಪಕ್ಷದ ನಾಯಕ ರಾಹುಲ್ ಗಾಂಧಿ 2025ರ ಸೆಪ್ಟೆಂಬರ್ 18ರಂದು ದೆಹಲಿಯಲ್ಲಿ ಇದನ್ನೇ ಇಟ್ಟುಕೊಂಡು ಪತ್ರಿಕಾಗೋಷ್ಠಿ ಮಾಡಿದಾಗ, ಸಾರ್ವಜನಿಕರು ಯಾರೂ ಆನ್‌ಲೈನ್‌ನಲ್ಲಿ ನೇರವಾಗಿ ಮತ ಅಳಿಸೋಕೆ ಆಗಲ್ಲ, ಎಫ್‌ಐಆರ್ ಹಾಕಿಸಿದ್ದೂ ನಮ್ಮ ಅಧಿಕಾರಿಗಳೇ ಅಂತ ಚುನಾವಣಾ ಆಯೋಗ ಉತ್ತರ ಕೊಟ್ಟಿತು. ಆ ಉತ್ತರ ತಾಂತ್ರಿಕವಾಗಿ ಸರಿ. ಆದರೆ ಕಳ್ಳ ಬೀಗ ಒಡೆಯೋಕೆ ಆಗಲಿಲ್ಲ ಅಂತ ಹೇಳಿದ ಮೇಲೆ, ಕಳ್ಳ ಯಾರು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ರಾಹುಲ್ ಅವತ್ತು ತೋರಿಸಿದ ಒಂದು ಉದಾಹರಣೆ: ಒಬ್ಬರ ಹೆಸರಲ್ಲಿ 36 ಸೆಕೆಂಡಿನಲ್ಲಿ ಎರಡು ಅರ್ಜಿ, ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ. ಅದನ್ನು ಕೇಳಿ ನನಗೆ ನಮ್ಮೂರು ನೆನಪಾಯ್ತು. ನಾಲ್ಕು ಗಂಟೆಗೆ ಇಲ್ಲೂ ಜನ ಎದ್ದಿರ್ತಾರೆ, ಆದರೆ ರೈಲು ಹಿಡಿಯೋಕೆ. ಪಕ್ಕದ ಮನೆಯವರ ವೋಟು ತೆಗೆಸೋ ಅರ್ಜಿ ತುಂಬೋಕಲ್ಲ. 36 ಸೆಕೆಂಡಿನಲ್ಲಿ ಎರಡು ಅರ್ಜಿಯನ್ನು ಮನುಷ್ಯ ಕೈಯಿಂದ ಟೈಪ್ ಮಾಡಿ ಕಳಿಸೋದು ಆಗದ ಮಾತು. ಆ ವಿವರ ಸರಿಯಾಗಿದ್ದರೆ ಅದು ಸಾಫ್ಟ್‌ವೇರ್ ಮಾಡಿದ ಕೆಲಸ.

ರಾಜ್ಯ ಸರ್ಕಾರ ಅದೇ ಸೆಪ್ಟೆಂಬರ್‌ನಲ್ಲಿ ವಿಶೇಷ ತನಿಖಾ ತಂಡ ಮಾಡಿತು. ಆ ತಂಡದ ತನಿಖೆಯಿಂದ ಅಕ್ಟೋಬರ್‌ನಲ್ಲಿ ಪತ್ರಿಕೆಗಳಿಗೆ ಬಂದ ವಿವರ ಏನು ಗೊತ್ತಾ? ಕಲಬುರಗಿಯ ಒಂದು ಡೇಟಾ ಕೇಂದ್ರದಲ್ಲಿ ಕೂತು ಈ ಅರ್ಜಿಗಳನ್ನು ತುಂಬಲಾಗಿತ್ತು, ಒಂದೊಂದು ಅರ್ಜಿಗೂ 80 ರೂಪಾಯಿ ಕೊಟ್ಟಿದ್ದರು ಅಂತ. ಒಟ್ಟು 4.8 ಲಕ್ಷ ರೂಪಾಯಿ ಆಸುಪಾಸು. ಯಾರು ಕೊಟ್ಟರು, ಯಾರಿಗಾಗಿ ಕೊಟ್ಟರು ಅನ್ನೋದನ್ನು ನ್ಯಾಯಾಲಯ ತೀರ್ಮಾನಿಸಬೇಕು, ನಾನು ಇಲ್ಲಿ ಕೂತು ತೀರ್ಪು ಕೊಡಲ್ಲ. ನನ್ನನ್ನು ಕಾಡಿದ್ದು ಆ ದರ. ಅಭ್ಯರ್ಥಿಗಳು ಒಂದು ವೋಟಿಗೆ ಎಷ್ಟು ಹಂಚ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ವೋಟು ಕೊಳ್ಳೋದಕ್ಕಿಂತ ವೋಟರನ್ನೇ ಅಳಿಸೋದು ಇಷ್ಟು ಅಗ್ಗ.

ಈಗ ಸ್ವಲ್ಪ ಎಂಜಿನಿಯರಿಂಗ್ ಮಾತಾಡೋಣ. ಬೇಜಾರು ಮಾಡ್ಕೋಬೇಡಿ, ಎರಡೇ ನಿಮಿಷ. ಈ ಪ್ರಕರಣದಲ್ಲಿ ಸಿಐಡಿ ಮತ್ತು ಆಯೋಗದ ಮಧ್ಯೆ ಪತ್ರಗಳು ಓಡಾಡಿದ್ದು ನಿಮಗೆ ನೆನಪಿರಬಹುದು. ನಮ್ಮ ಬಳಿ ಇದ್ದ ಮಾಹಿತಿಯನ್ನು 2023ರ ಸೆಪ್ಟೆಂಬರ್ 6ಕ್ಕೇ ಕೊಟ್ಟಿದ್ದೇವೆ ಅಂತ ಆಯೋಗ ಹೇಳಿತು. ಸಿಐಡಿಯವರು ಡೆಸ್ಟಿನೇಷನ್ ಐಪಿ, ಡೆಸ್ಟಿನೇಷನ್ ಪೋರ್ಟ್ ಕೊಡಿ ಅಂತ ಮತ್ತೆ ಮತ್ತೆ ಬರೆದರು. ಟಿವಿಯಲ್ಲಿ ಈ ಪದಗಳು ಬಂದಾಗ ಹೆಚ್ಚಿನವರು ಚಾನೆಲ್ ಬದಲಾಯಿಸಿರ್ತೀರಿ. ವಿಷಯದ ಗಂಟು ಇದ್ದದ್ದು ಅಲ್ಲೇ.

ನಮ್ಮೂರಲ್ಲಿ ಗಣಿ ಕಾರ್ಮಿಕರ ಮನೆಗಳಿಗೆ 'ಲೈನ್' ಅಂತಾರೆ. ಒಂದಕ್ಕೊಂದು ಅಂಟಿಕೊಂಡು ಉದ್ದಕ್ಕೆ ಸಾಲಾಗಿರೋ ಸಣ್ಣ ಮನೆಗಳು. ಪೋಸ್ಟಿನವನಿಗೆ ಬರೀ ಲೈನ್ ಹೆಸರು ಹೇಳಿದರೆ ಕಾಗದ ಮುಟ್ಟಲ್ಲ, ಮನೆ ನಂಬರ್ ಬೇಕು. ಮೊಬೈಲ್ ಇಂಟರ್ನೆಟ್ ಕೂಡ ಹೀಗೆಯೇ. ಐಪಿ ವಿಳಾಸಗಳು ಸಾಲದೆ ಇರೋದರಿಂದ ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ನೂರಾರು, ಸಾವಿರಾರು ಫೋನ್‌ಗಳಿಗೆ ಹಂಚಿಕೊಡ್ತವೆ. ಹೊರಗಿನಿಂದ ನೋಡೋರಿಗೆ ಕಾಣೋದು ಲೈನ್ ಹೆಸರು ಮಾತ್ರ. ಮನೆ ಯಾವುದು ಅಂತ ಗೊತ್ತಾಗಬೇಕಾದರೆ ಸಂಪರ್ಕ ಯಾವ ಪೋರ್ಟಿನಿಂದ ಹೊರಟಿತು, ಯಾವ ಸರ್ವರಿನ ಯಾವ ಪೋರ್ಟಿಗೆ ಹೋಯಿತು, ಯಾವ ಕ್ಷಣಕ್ಕೆ ಅನ್ನೋದೆಲ್ಲ ಸೇರಬೇಕು. ಆ ಲೆಕ್ಕ ಎರಡೂ ಕಡೆ ಹೊಂದಿದಾಗ ಮಾತ್ರ ಕಂಪನಿ ತನ್ನ ದಾಖಲೆ ನೋಡಿ, ಇಂಥ ಫೋನು ಅಂತ ಹೇಳಬಹುದು. ಕಂಪನಿಯೂ ಆ ದಾಖಲೆಯನ್ನು ಹುಟ್ಟಿದಾಗಿನಿಂದ ಸಾಯೋವರೆಗೂ ಇಟ್ಟಿರಲ್ಲ, ಅದಕ್ಕೊಂದು ಅವಧಿ ಇರುತ್ತೆ. ಹಾಗಾಗಿ ಇಂಥ ತನಿಖೆಯಲ್ಲಿ ಒಂದು ತಿಂಗಳ ತಡ ಅಂದರೆ ಬರೀ ಒಂದು ತಿಂಗಳಲ್ಲ, ಸಾಕ್ಷ್ಯವೇ ಆವಿಯಾಗಿ ಹೋಗಬಹುದು. ಪತ್ರ ವ್ಯವಹಾರದಲ್ಲಿ ತಿಂಗಳುಗಳಲ್ಲ, ವರ್ಷಗಳೇ ಹೋದವು. ಯಾರ ಪತ್ರ ಸರಿ, ಯಾರ ಉತ್ತರ ಸರಿ ಅನ್ನೋ ಜಗಳದಲ್ಲಿ ಎರಡೂ ಪಕ್ಷದ ವಕ್ತಾರರು ಪಾಂಡಿತ್ಯ ತೋರಿಸಿದರು. ಮತದಾರನಿಗೆ ಬೇಕಾಗಿದ್ದ ಒಂದು ಸಾಲಿನ ಉತ್ತರ ಮಾತ್ರ ಸಿಗಲಿಲ್ಲ.

ದಾಖಲೆ ಇಟ್ಟುಕೊಳ್ಳೋ ವಿಷಯದಲ್ಲಿ ನಮ್ಮ ಕೋಲಾರ ಜಿಲ್ಲೆಯದೇ ಇನ್ನೊಂದು ಕಥೆ ಇದೆ, ಮಾಲೂರು. 2023ರಲ್ಲಿ ಅಲ್ಲಿ ಗೆಲುವಿನ ಅಂತರ 248 ಮತ. ತಕರಾರು ಹೈಕೋರ್ಟಿಗೆ ಹೋಯಿತು. ಎಣಿಕೆಯ ವಿಡಿಯೋ ಎಲ್ಲಿ ಅಂತ ಕೇಳಿದರೆ ಸರಿಯಾಗಿ ಕೊಡೋರಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆಯ್ಕೆಯನ್ನೇ ಅಸಿಂಧು ಅಂದು ಮರು ಎಣಿಕೆಗೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ ನವೆಂಬರ್‌ನಲ್ಲಿ ಮರು ಎಣಿಕೆ ನಡೀತು. ಗೆದ್ದವರು ಯಾರು ಅನ್ನೋದು ಇವತ್ತಿನ ವಿಷಯ ಅಲ್ಲ. ಒಂದು ಮದುವೆಯ ವಿಡಿಯೋ ಇಪ್ಪತ್ತು ವರ್ಷ ಜೋಪಾನ ಮಾಡೋ ನಾಡಿನಲ್ಲಿ ಒಂದು ಎಣಿಕೆಯ ವಿಡಿಯೋ ಸಿಗಲ್ಲ ಅಂದರೆ ಏನು ಹೇಳೋದು!

ಪಟ್ಟಿಗೆ ಕೈ ಹಾಕೋದು ಆನ್‌ಲೈನ್‌ನಲ್ಲೇ ಆಗಬೇಕು ಅಂತೇನಿಲ್ಲ. 2022ರ ನವೆಂಬರ್‌ನಲ್ಲಿ ಬೆಂಗಳೂರಿನ 'ಚಿಲುಮೆ' ಪ್ರಕರಣ ಹೊರಬಂತು. ಮತದಾರರಲ್ಲಿ ಜಾಗೃತಿ ಮೂಡಿಸ್ತೇವೆ, ಅದೂ ಉಚಿತವಾಗಿ ಅಂತ ಬಿಬಿಎಂಪಿಯಿಂದ ಅನುಮತಿ ಪಡೆದ ಸಂಸ್ಥೆ ಅದು. ಅದರ ಹುಡುಗರು ಬಿಎಲ್‌ಒ ಅಂತ ಬರೆದ ಗುರುತಿನ ಚೀಟಿ ಕುತ್ತಿಗೆಗೆ ಹಾಕಿಕೊಂಡು ಮನೆ ಮನೆಗೆ ಹೋಗಿ ಜಾತಿ, ಭಾಷೆ, ಫೋನ್ ನಂಬರ್ ಎಲ್ಲಾ ಬರೆದುಕೊಂಡರು ಅನ್ನೋದು ಆರೋಪ. ಬಂಧನಗಳಾದವು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಪಟ್ಟಿಯನ್ನು ಮತ್ತೆ ಪರಿಶೀಲಿಸಿ ಅಂತ ಆಯೋಗ ಆದೇಶಿಸಿತು. ಅಲ್ಲಿ ಬಾಗಿಲು ತೆಗೆದವರ ತಪ್ಪೇನಿದೆ ಹೇಳಿ? ಕೊರಳಲ್ಲಿ ಚೀಟಿ ಇದೆ, ಕೈಯಲ್ಲಿ ಫೋನಿದೆ, ಮಾತು ಮರ್ಯಾದೆಯಿಂದ ಇದೆ. ನಾನಾಗಿದ್ದರೂ ಹೇಳಿಬಿಡ್ತಿದ್ದೆ.

ಚಾಂಪಿಯನ್ ರೀಫ್ಸ್‌ನಿಂದಲೇ ಈ ಮಾತು ಆಡಬೇಕು ಅನ್ನಿಸಿದ್ದಕ್ಕೆ ರೈಲು ಒಂದೇ ಕಾರಣ ಅಲ್ಲ. 1930ರಲ್ಲಿ ಬ್ರಿಟಿಷ್ ಗಣಿ ಕಂಪನಿಗಳು ಇಲ್ಲಿನ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟವು. ಕಾರ್ಮಿಕರು ಒಪ್ಪಲಿಲ್ಲ. ಸಾವಿರಾರು ಜನ ಕೆಲಸ ನಿಲ್ಲಿಸಿದರು, ಮೂರು ವಾರ ಗಣಿಗಳು ತಣ್ಣಗಾದವು. ಅವರಲ್ಲಿ ಬಹುತೇಕರಿಗೆ ಓದು ಬರಹ ಇರಲಿಲ್ಲ. ಸಹಿಯ ಬದಲು ಹೆಬ್ಬೆಟ್ಟು ಒತ್ತುವ ಜನ. ಆದರೂ, ನನ್ನ ಬೆರಳಿನ ಗುರುತು ಇನ್ನೊಬ್ಬನ ಕಪಾಟಿನಲ್ಲಿ ಹೋಗಿ ಕೂತರೆ ನನ್ನ ಮೇಲೆ ಅವನಿಗೆ ಒಂದು ಹಿಡಿತ ಸಿಗುತ್ತೆ ಅನ್ನೋದು ಅವರಿಗೆ ಅರ್ಥವಾಗಿತ್ತು. ಡೇಟಾ ಅನ್ನೋ ಪದ ಈ ನಾಡಿಗೆ ಬರೋಕೆ ಎಷ್ಟೋ ದಶಕಗಳ ಮೊದಲು.

ತೊಂಬತ್ತಮೂರು ವರ್ಷ ಆದ ಮೇಲೆ, 2023ರಲ್ಲಿ, ಬೆಂಗಳೂರಿನಲ್ಲಿ ಏನಾಯ್ತು? ಆಸ್ತಿ ನೋಂದಣಿ ಮಾಡಿಸಿದ ಜನರ ಖಾತೆಯಿಂದ ದುಡ್ಡು ಮಾಯವಾಗೋಕೆ ಶುರುವಾಯ್ತು. ಒಟಿಪಿ ಯಾರಿಗೂ ಕೊಟ್ಟಿಲ್ಲ, ಲಿಂಕ್ ಒತ್ತಿಲ್ಲ. ಕ್ರಯಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ಸಂಖ್ಯೆಯನ್ನು ಕದ್ದು, ಬೆರಳಚ್ಚಿನ ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆದಿದ್ದರು. ಆಮೇಲೆ ನೋಂದಣಿ ಇಲಾಖೆ ದಾಖಲೆಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡಿತು. ಪಾಸ್‌ವರ್ಡ್ ಕಳೆದುಹೋದರೆ ಬದಲಾಯಿಸಬಹುದು. ಹೆಬ್ಬೆಟ್ಟು ಬದಲಾಯಿಸೋಕೆ ಆಗುತ್ತಾ? ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡೋ ಸೌಲಭ್ಯ ಇದೆ, ಇವತ್ತೇ ಮಾಡಿಕೊಳ್ಳಿ. ಸೈಬರ್ ವಂಚನೆ ಆದರೆ ಕರೆ ಮಾಡಬೇಕಾದ ನಂಬರ್ ಯಾವುದು ಗೊತ್ತಲ್ಲ? 1930. ನಮ್ಮೂರಿನ ಮುಷ್ಕರದ ವರ್ಷವೇ. ಕಾಕತಾಳೀಯ ಅಷ್ಟೇ, ಆದರೆ ಕೆಜಿಎಫ್‌ನವರಿಗೆ ನಂಬರ್ ಮರೆಯೋ ಪ್ರಶ್ನೆ ಇಲ್ಲ.

ಈಗ ಆಳಂದದಲ್ಲಿ ಕಳ್ಳತನ ತಪ್ಪಿಸಿದ್ದು ಏನು ಅಂತ ಕೇಳ್ಕೊಳ್ಳಿ. ಫೈರ್‌ವಾಲ್ ಅಲ್ಲ, ಒಟಿಪಿ ಅಲ್ಲ. ಒಟಿಪಿ ಹಂತವನ್ನು ಅವರು ದಾಟಿ ಆಗಿತ್ತು. ತಪ್ಪಿಸಿದ್ದು ಒಬ್ಬ ಬಿಎಲ್‌ಒಗೆ ಆ ಊರಿನ ಜನರ ಮುಖ ಗೊತ್ತಿದ್ದದ್ದು. ಈ ಹೆಸರಿನವರು ಸತ್ತಿಲ್ಲ, ನಿನ್ನೆ ತಾನೇ ನೋಡಿದ್ದೇನೆ ಅನ್ನೋ ಒಂದು ಸಾಮಾನ್ಯ ತಿಳಿವಳಿಕೆ. ನಾನು ಓದಿದ ಪಠ್ಯಪುಸ್ತಕದಲ್ಲಿ ಇದು ಇರಲಿಲ್ಲ.

ಹಾಗಾದರೆ ಮುಖ ಗೊತ್ತಿಲ್ಲದ ಕಡೆ ಏನಾಗುತ್ತೆ? ಅದೇ ನನ್ನ ಆತಂಕ. ಮೊದಲು ಹೇಳಿದ ರೈಲಿಗೆ ವಾಪಸ್ ಬರ್ತೇನೆ. ನಸುಕಿಗೆ ಹೊರಟು ರಾತ್ರಿ ಬರೋ ಮನೆಗೆ ಬಿಎಲ್‌ಒ ಹಗಲು ಹನ್ನೊಂದಕ್ಕೆ ಬಂದರೆ ಕಾಣೋದು ಬೀಗ. ಎರಡು ಸಲ ಬೀಗ ಕಂಡರೆ, ಇವರು ಊರು ಬಿಟ್ಟಿದ್ದಾರೆ ಅನ್ನೋ ಸುಳ್ಳು ಅರ್ಜಿಗೆ ಆ ಬೀಗವೇ ಸಾಕ್ಷಿ ಆಗಿಬಿಡಬಹುದು. ಜೊತೆಗೆ ಹೆಸರಿನ ಗೊಂದಲ ಬೇರೆ. ಇಲ್ಲಿ ಮನೆಮಾತು ಹೆಚ್ಚಿನವರಿಗೆ ತಮಿಳು, ಹಲವರಿಗೆ ತೆಲುಗು, ಶಾಲೆ ಕಲಿತದ್ದು ಕನ್ನಡವೋ ಇಂಗ್ಲಿಷೋ. ಒಂದೇ ಹೆಂಗಸು ರೇಷನ್ ಕಾರ್ಡಿನಲ್ಲಿ ಸೆಲ್ವಿ, ಆಧಾರ್‌ನಲ್ಲಿ ಶೆಲ್ವಿ, ವೋಟರ್ ಐಡಿಯಲ್ಲಿ ಚೆಲ್ವಿ. ಇನಿಷಿಯಲ್ ಒಂದು ಕಡೆ ಅಪ್ಪನದು, ಇನ್ನೊಂದು ಕಡೆ ಗಂಡನದು. ಆನ್‌ಲೈನ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಸಿಗಲ್ಲ. ಸಿಗದೆ ಇದ್ದಾಗ ಗಾಬರಿ ಬೀಳಬೇಡಿ, ವೋಟರ್ ಐಡಿಯ ನಂಬರ್ ಹಾಕಿ ಹುಡುಕಿ.

ಹೋದ ತಿಂಗಳು ಇಲ್ಲೇ ಲೈನ್ ಮನೆಯಲ್ಲಿರೋ ನನ್ನ ಚಿಕ್ಕಮ್ಮನಿಗೆ ಒಂದು ಫೋನ್ ಬಂತು. ನಾವು ಅವರನ್ನ ಚಿತ್ತಿ ಅಂತೀವಿ. "ಅಮ್ಮಾ, ಎಲೆಕ್ಷನ್ ಆಫೀಸಿಂದ. ನಿಮ್ಮ ವೋಟರ್ ಕಾರ್ಡ್ ಅಪ್‌ಡೇಟ್ ಆಗಿಲ್ಲ, ಒಂದು ನಂಬರ್ ಬರುತ್ತೆ ಹೇಳಿ, ಇಲ್ಲಾಂದ್ರೆ ವೋಟು ಹೋಗುತ್ತೆ." ಚಿತ್ತಿ ಕೇಳಿದರಂತೆ, "ಆಯ್ತಪ್ಪ, ಹೇಳ್ತೀನಿ. ಮೊದಲು ನಮ್ಮ ಬೂತ್ ಟೀಚರಮ್ಮನ ಹೆಸರು ಹೇಳು." ಆ ಕಡೆಯವನು ಫೋನ್ ಇಟ್ಟುಬಿಟ್ಟ. ನಾನು ಚಾನೆಲ್‌ನಲ್ಲಿ ಸೈಬರ್ ಸುರಕ್ಷತೆ ಬಗ್ಗೆ ಗಂಟೆಗಟ್ಟಲೆ ಕಾರ್ಯಕ್ರಮ ಮಾಡಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನನ್ನ ಬೆಂಗಳೂರಿನ ಫ್ಲ್ಯಾಟಿನ ಬಿಎಲ್‌ಒ ಯಾರು? ಆ ಕ್ಷಣಕ್ಕೆ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಾ? 1950ಕ್ಕೆ ಫೋನ್ ಮಾಡಿದರೆ ಹೇಳ್ತಾರೆ, ಆಯೋಗದ ವೆಬ್‌ಸೈಟಿನಲ್ಲೂ ಸಿಗುತ್ತೆ. ಆ ಒಂದು ಹೆಸರು, ಒಂದು ಫೋನ್ ನಂಬರ್ ಬರೆದು ಗೋಡೆಗೆ ಅಂಟಿಸಿಕೊಳ್ಳಿ, ಗ್ಯಾಸ್ ಏಜೆನ್ಸಿ ನಂಬರ್ ಪಕ್ಕದಲ್ಲಿ.

ಇನ್ನೊಂದು ಕಾಗದದ ಬಗ್ಗೆ ಹೇಳಲೇಬೇಕು. ನಮೂನೆ 7ರಲ್ಲಿ ಯಾರ ಯಾರ ಹೆಸರು ತೆಗೆಯೋಕೆ ಅರ್ಜಿ ಬಂದಿದೆ ಅನ್ನೋ ಪಟ್ಟಿಗೆ ನಮೂನೆ 10 ಅಂತಾರೆ. ಅದು ಗುಟ್ಟಿನ ಕಾಗದ ಅಲ್ಲ, ಅಧಿಕಾರಿಗಳು ಅದನ್ನು ಪ್ರಕಟಿಸಬೇಕು. ಕ್ಷೇತ್ರದ ಎಲ್ಲರೂ ನೋಡಬೇಕಾಗಿಲ್ಲ. ಒಂದು ಲೈನಿಗೆ ಒಬ್ಬರು, ಬೀದಿಗೆ ಒಬ್ಬರು, ಪಿಯುಸಿ ಓದೋ ಒಬ್ಬ ಹುಡುಗಿ ವಾರಕ್ಕೊಮ್ಮೆ ಕಣ್ಣಾಡಿಸಿದರೆ ಸಾಕು. ರಾಜಕೀಯ ಪಕ್ಷಗಳು ಪ್ರತಿ ಮತಗಟ್ಟೆಗೂ ತಮ್ಮ ಏಜೆಂಟರನ್ನು ನೇಮಿಸಬಹುದು, ಆದರೆ ಅವರು ತಮ್ಮ ವೋಟರುಗಳನ್ನು ನೋಡ್ತಾರೆ, ಎಲ್ಲ ವೋಟರುಗಳನ್ನಲ್ಲ. ಕಾನೂನು ನಿಮ್ಮ ಕಡೆ ಇದೆ. ಊರು ಬಿಟ್ಟಿದ್ದೀರಿ ಅಂತ ಹೆಸರು ತೆಗೆಯೋ ಮೊದಲು ನಿಮ್ಮ ಮಾತು ಕೇಳಬೇಕು ಅಂತ 1950ರ ಜನಪ್ರತಿನಿಧಿ ಕಾಯ್ದೆಯಲ್ಲೇ ಇದೆ. ಸುಳ್ಳು ಘೋಷಣೆ ಕೊಟ್ಟವನಿಗೆ ಒಂದು ವರ್ಷದವರೆಗೆ ಜೈಲು ಅಂತಲೂ ಇದೆ.

ಹಾಗಂತ ಎಲ್ಲವನ್ನೂ ಜನರ ತಲೆ ಮೇಲೆ ಹಾಕೋದಕ್ಕೆ ನಾನು ತಯಾರಿಲ್ಲ. "ಜನ ಎಚ್ಚರವಾಗಿರಬೇಕು" ಅನ್ನೋದು ನಮ್ಮ ಅಧಿಕಾರಿಗಳಿಗೆ ತುಂಬಾ ಇಷ್ಟವಾದ ವಾಕ್ಯ. ಆಳಂದ ವಿಷಯ ಸುದ್ದಿಯಾದ ಕೆಲವೇ ದಿನಗಳಲ್ಲಿ, 2025ರ ಸೆಪ್ಟೆಂಬರ್‌ನಲ್ಲೇ, ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಜೋಡಿಸಿದ ಫೋನ್ ಮೂಲಕ ಇ-ಸಹಿ ಹಾಕಬೇಕು ಅನ್ನೋ ವ್ಯವಸ್ಥೆ ಬಂತು. ಒಳ್ಳೆಯದೇ. ಬಾಗಿಲಿಗೆ ಚಿಲಕ ಬಂತು. ಆದರೆ ಅದು ಅರ್ಜಿ ಹಾಕೋನು ಯಾರು ಅಂತ ನೋಡುತ್ತೆ. ಯಾರ ಹೆಸರು ಹೋಗುತ್ತೋ ಅವರ ಮಾತು? ಬ್ಯಾಂಕಿನಲ್ಲಿ ಹತ್ತು ರೂಪಾಯಿ ಕಡಿತ ಆದರೂ ಅದೇ ಕ್ಷಣಕ್ಕೆ ಫೋನಿಗೆ ಮೆಸೇಜ್ ಬೀಳುತ್ತೆ. ನನ್ನ ಹೆಸರಿನ ಮೇಲೆ ಯಾರೇ ನಮೂನೆ 7 ಹಾಕಲಿ, ಅದೇ ಕ್ಷಣಕ್ಕೆ ನನಗೆ ಮೆಸೇಜ್ ಬರಬೇಕು, ನನ್ನದೇ ಭಾಷೆಯಲ್ಲಿ. ಫೋನ್ ಇಲ್ಲದವರಿಗೆ ಕಾಗದ ಬರಬೇಕು. ಬೀಗ ಹಾಕಿದ ಮನೆ ಅಂದರೆ ಭಾನುವಾರ ಮತ್ತೆ ಬರಬೇಕು. ದುಡಿಯೋಕೆ ಹೋದವರಿಗೆ ವಾರದಲ್ಲಿ ಸಿಗೋದು ಅದೊಂದೇ ದಿನ. ಬಿಎಲ್‌ಒಗಳು ಹೆಚ್ಚಿನವರು ಶಾಲಾ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು. ತಮ್ಮ ಮಾಮೂಲಿ ಕೆಲಸದ ಮೇಲೆ ಇದನ್ನೂ ಹೊತ್ತಿದ್ದಾರೆ. ಆಳಂದ ಉಳಿದದ್ದು ಅಂಥ ಒಬ್ಬರ ಕಣ್ಣಿನಿಂದ. ಅವರಿಗೆ ಕೊಡೋ ಗೌರವಧನ ಎಷ್ಟು, ಸಮಯ ಎಷ್ಟು ಅಂತ ಯಾರಾದರೂ ಪ್ಯಾನೆಲ್ ಚರ್ಚೆ ಮಾಡಿದ್ದೀವಾ?

ಕೊನೆಗೆ ನನ್ನದೇ ಒಂದು ವಿಷಯ. ಈ ಕಾರ್ಯಕ್ರಮಕ್ಕೆ ಅಂತ ಚಾಂಪಿಯನ್ ಸ್ಟೇಷನ್ ಹೊರಗಿನ ಟೀ ಅಂಗಡಿಯಲ್ಲಿ ಕೂತು, ರೈಲಿಗೆ ಕಾಯ್ತಿದ್ದವರ ಹೆಸರನ್ನು ಅವರ ಫೋನಿನಲ್ಲೇ ಹುಡುಕಿ ತೋರಿಸ್ತಾ ಇದ್ದೆವು. ಒಬ್ಬ ಹುಡುಗ, "ಅಣ್ಣಾ, ನಿಮ್ಮದು ಹಾಕಿ ನೋಡೋಣ" ಅಂದ. ಹಳೇ ವೋಟರ್ ಐಡಿ ಪರ್ಸಿನಲ್ಲೇ ಇತ್ತು, ಅದರ ನಂಬರ್ ಹಾಕಿದೆ. ಬಂತು. ಬೆಂಗಳೂರಲ್ಲಿ ಹೆಸರು ಸೇರಿಸಿ ಎಷ್ಟೋ ವರ್ಷ ಆಯ್ತು, ಹಳೆಯದು ತಾನಾಗೇ ಹೋಗಿರುತ್ತೆ ಅಂದುಕೊಂಡಿದ್ದೆ. ಹೋಗಿಲ್ಲ. ಇಲ್ಲೂ ಇದ್ದೇನೆ, ಅಲ್ಲೂ ಇದ್ದೇನೆ. ಎರಡು ಕಡೆ ಇರೋದು ಕಾನೂನಿಗೆ ವಿರುದ್ಧ. ಇಷ್ಟು ಹೊತ್ತು ನಿಮಗೆ ಪಟ್ಟಿಯ ಪಾಠ ಹೇಳಿದವನ ಸ್ಥಿತಿ ಇದು. ಆ ಹುಡುಗ ನಕ್ಕ, ಟೀ ಅಂಗಡಿಯವರೂ ನಕ್ಕರು.

ಅಲ್ಲೇ ಕೂತು ನನ್ನ ಹೆಸರಿಗೆ ನಾನೇ ನಮೂನೆ 7 ಹಾಕಿದೆ. ನಾಲ್ಕು ದಿನ ಆದ ಮೇಲೆ ಒಂದು ಫೋನ್ ಬಂತು. ಇಲ್ಲಿನ ಟೀಚರಮ್ಮ. "ನಿಮ್ಮ ಹೆಸರು ತೆಗೆಯೋಕೆ ಅರ್ಜಿ ಬಂದಿದೆ ಸಾರ್. ನೀವೇ ಹಾಕಿದ್ದಾ, ಬೇರೆ ಯಾರಾದ್ರೂ ಹಾಕಿದ್ದಾರಾ?" ನಾನೇ ಹಾಕಿದ್ದು ಅಂದೆ. "ಸರಿ, ಆದರೂ ಮನೆ ಹತ್ರ ಒಂದ್ಸಲ ಹೋಗಿ ಕೇಳ್ತೀನಿ" ಅಂದು ಫೋನ್ ಇಟ್ಟರು. ಹೋಗಿ ಚಿತ್ತಿಯನ್ನು ಕೇಳಿದ್ದಾರೆ. ಪಕ್ಕದ ಮನೆಯಲ್ಲೂ ಕೇಳಿದ್ದಾರೆ.